ಕಾಸ್‌ಪ್ಲೇ ಕಲೆಯೋ, ದೊಡ್ಡವರ ಛದ್ಮವೇಷವೋ?

ಸೂಜಿದಾರ:

ಕಾರ್ಟೂನ್, ಕಾಮಿಕ್, ಸಿನಿಮಾ ಪಾತ್ರಗಳ ವೇಷ ಹಾಕಿಕೊಳ್ಳುವುದೇ ಕಾಸ್‌ಪ್ಲೇ, ಅದು ನನ್ನ ಹುಚ್ಚು. ಇಂಥ ಅಭಿಮಾನಿಗಳೆಲ್ಲ ಸೇರುವ ಕಾಮಿಕ್ ಕಾನ್ ಮೇಳದ ಫೋಟೋ ಹಾಕಿದಾಗಲೆಲ್ಲ ಮನೆಯ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪನದು ಒಂದೇ ಮಾತು: "ಒಂದನೇ ಕ್ಲಾಸಿನಲ್ಲಿ ಒನಕೆ ಓಬವ್ವ ಆಗಿದ್ದೆ. ಇನ್ನೂ ಮುಗಿದಿಲ್ಲವೇನಮ್ಮ ನಿನ್ನ ಛದ್ಮವೇಷ?" ಅವರನ್ನು ಬಿಡಿ, ತಮಾಷೆಗೆ ಅನ್ನುತ್ತಾರೆ. ಆದರೆ ಚಿತ್ರಕಲೆ ಕಲಿತವರು, ನಾಟಕ ಮಾಡುವವರು ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಪಾತ್ರ ಇನ್ಯಾರದೋ, ಬಟ್ಟೆಯ ಚಿತ್ರ ಇನ್ಯಾರದೋ, ನೀನು ನೋಡಿಕೊಂಡು ಹೊಲಿದೆ, ಹಾಕಿಕೊಂಡೆ, ಇದರಲ್ಲಿ ಕಲೆ ಎಲ್ಲಿಂದ ಬಂತು ಅಂತ.

ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ. ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಚಿತ್ರದಲ್ಲಿ ಬಟ್ಟೆಗೆ ತೂಕ ಇಲ್ಲ. ಹೊಲಿಗೆ ಇಲ್ಲ, ಜಿಪ್ ಇಲ್ಲ. ಆ ಹುಡುಗಿ ಆ ಕವಚದೊಳಗೆ ಹೇಗೆ ತೂರಿಕೊಂಡಳು ಅಂತ ಬರೆದವರು ಯೋಚನೆ ಮಾಡಬೇಕಾಗಿಯೇ ಇರಲಿಲ್ಲ. ಎಷ್ಟೋ ಸಲ ಬೆನ್ನಿನ ಕಡೆ ಏನಿದೆ ಅಂತ ಒಂದು ಫ್ರೇಮಿನಲ್ಲೂ ತೋರಿಸಿರುವುದಿಲ್ಲ. ಚಿತ್ರದಲ್ಲಿ ಬರೀ ನೀಲಿ. ಅದು ರೇಷ್ಮೆಯೋ, ಹತ್ತಿಯೋ, ತೊಗಲೋ? ಚಿಕ್ಕಪೇಟೆಯಲ್ಲಿ ನಿಂತು ಥಾನು ಮುಟ್ಟಿ ನೋಡಿ ನಾನೇ ತೀರ್ಮಾನ ಮಾಡಬೇಕು.

ಈಗ ಮಾಡುತ್ತಿರುವ ಭುಜದ ಕವಚವನ್ನೇ ತೆಗೆದುಕೊಳ್ಳಿ. ಈವಿಎ ಫೋಮ್, ಮಕ್ಕಳು ಆಡಲು ಹಾಸುವ ಮ್ಯಾಟ್ ಇರುತ್ತದಲ್ಲ, ಅದೇ ಜಾತಿ. ಕತ್ತರಿಸಿ ಹೀಟ್ ಗನ್ ಹಿಡಿದರೆ ಮೇಲ್ಮೈ ಸಣ್ಣಗೆ ಹೊಳೆಯುತ್ತದೆ. ಆಗ ಮೊಣಕಾಲಿನ ಮೇಲೆ ಒತ್ತಿ ಹಿಡಿದರೆ, ತಣ್ಣಗಾಗುವ ಹೊತ್ತಿಗೆ ಬಾಗು ನಿಂತುಬಿಡುತ್ತದೆ. ಕೂಡಿಸುವ ಎರಡೂ ಅಂಚಿಗೆ ಫೆವಿಕಾಲ್ ಎಸ್‌ಆರ್ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಒಂದು ಸಲ ಕೂತರೆ ಮತ್ತೆ ಸರಿಸಲು ಆಗುವುದಿಲ್ಲ. ಇಲ್ಲಿಯ ತನಕ ಕಸುಬು, ಒಪ್ಪುತ್ತೇನೆ.

ಬಣ್ಣಕ್ಕೆ ಬಂದಾಗ ಆಟ ಬೇರೆ. ಮೊದಲು ಕಪ್ಪು, ಅದರ ಮೇಲೆ ಬೆಳ್ಳಿ, ಕೊನೆಗೆ ಸವೆತ. ಎಲ್ಲಿ ಸವೆದಿರಬೇಕು? ಈ ಪಾತ್ರ ಎಡಚಿ. ಕತ್ತಿ ಬಲಸೊಂಟದಲ್ಲಿ. ಹಿರಿಯುವಾಗ ಎಡತೋಳು ಎದೆಗೆ ಅಡ್ಡ ಬರುತ್ತದೆ, ಹಾಗಾಗಿ ಎಡಭುಜದ ಒಳ ಅಂಚು ಉಜ್ಜಿ ಉಜ್ಜಿ ಬಣ್ಣ ಹೋಗಿರಬೇಕು. ಮೂಲ ಚಿತ್ರದಲ್ಲಿ ಕವಚ ಫಳಫಳ ಹೊಸದು. ಅವಳು ಎಷ್ಟು ಯುದ್ಧ ಕಂಡಿದ್ದಾಳೆ ಅಂತ ನಾನು ಆ ಅಂಚಿನಲ್ಲಿ ಹೇಳುತ್ತಿದ್ದೇನೆ. ಇದು ಕಲೆ ಅಲ್ಲದಿದ್ದರೆ ಮತ್ತೇನು? ಬೈಯುವವರೂ ಬನ್ನಿ, ಕಾರಣ ಕೊಟ್ಟು ಬೈಯಿರಿ.

ಚೌಕಿಬದಿ:

ಬೈಯುವಂಥದ್ದು ಏನಿಲ್ಲ ಮಾರಾಯ್ರೆ. ನೀವು ಬರೆದದ್ದು ಓದಿ ಖುಷಿಯೇ ಆಯಿತು. ಆದರೆ ನೀವು ಹೇಳಿದ್ದೆಲ್ಲ ರಂಗಕ್ಕೆ ಬರುವ ಮೊದಲಿನ ಕೆಲಸ.

ನಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ, ಅಂದರೆ ಬಿಳಿಯ ಉಬ್ಬು ಚುಕ್ಕೆ, ಇಡುತ್ತಾ ಹೋಗಬೇಕು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕನ್ನಡಿ ಹಿಡಿದು ಗಂಟೆಗಟ್ಟಲೆ ಕೂರುವ ಕೆಲಸ. ಕಥಕ್ಕಳಿಯಲ್ಲಿ ಚುಟ್ಟಿಗೆ ಬೇರೆಯೇ ಜನ ಇದ್ದಾರೆ. ನಮ್ಮಲ್ಲಿ ವೇಷಧಾರಿ ತನ್ನ ಮುಖ ತಾನೇ ಬರೆದುಕೊಳ್ಳುತ್ತಾನೆ. ಇಷ್ಟಾದರೂ ಚೌಕಿಯಲ್ಲಿ ಕೂತದ್ದನ್ನು ಯಾರೂ ಆಟ ಅನ್ನುವುದಿಲ್ಲ. ಭಾಗವತರು ಹಾಡುವ ಪದಕ್ಕೆ ಕುಣಿದು, ಅದರ ಅರ್ಥವನ್ನು ಮಾತಿನಲ್ಲಿ ಹೇಳಿ, ಎದುರು ವೇಷದವನ ಮಾತಿಗೆ ಅಲ್ಲೇ ಉತ್ತರ ಕೊಟ್ಟರೆ ಅದು ಆಟ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ತಾಳಮದ್ದಳೆಯಲ್ಲಿ ವೇಷವೇ ಇಲ್ಲ. ಪಂಚೆ, ಶಾಲು ಹಾಕಿಕೊಂಡು ಸುಮ್ಮನೆ ಕೂತು ಮಾತಾಡುತ್ತಾರೆ. ಕಣ್ಣಮುಂದೆ ಕೌರವ ಬರುತ್ತಾನೆ. ಅಂದರೆ ವೇಷ ತೆಗೆದರೂ ಯಕ್ಷಗಾನದಲ್ಲಿ ಏನೋ ಉಳಿಯುತ್ತದೆ. ಕಾಸ್‌ಪ್ಲೇಯಲ್ಲಿ ವೇಷ ತೆಗೆದರೆ ಏನು ಉಳಿಯುತ್ತದೆ ಹೇಳಿ ನೋಡುವ.

ಬೆಲೆಪಟ್ಟಿ:

ಏನು ಉಳಿಯುತ್ತದೆ ಅಂದರೆ ಅಂಗಡಿಯ ಬಿಲ್ಲು.

ತಮಾಷೆ ಸಾಕು. ಮೇಡಂ ತಾವೇ ಕೂತು ಮಾಡುತ್ತಾರೆ, ಸಂತೋಷ. ಕಾಮಿಕ್ ಕಾನ್ ದಿನ ವೈಟ್‌ಫೀಲ್ಡ್‌ನ ಕೆಟಿಪಿಓ ಎಕ್ಸಿಬಿಷನ್ ಹಾಲಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಜಾಸ್ತಿ ಜನ ಆನ್‌ಲೈನ್‌ನಲ್ಲಿ ತರಿಸಿದ ಸೆಟ್ ಹಾಕಿಕೊಂಡು ಬಂದಿರುತ್ತಾರೆ. ವಿಗ್ ಸಮೇತ ಪ್ಯಾಕೆಟ್‌ನಲ್ಲಿ ಬರುತ್ತದೆ, ಇಸ್ತ್ರಿಯ ಮಡಿಕೆ ಕೂಡ ಹಾಗೇ ಇರುತ್ತದೆ. ಪಾತ್ರ ಕಂಪನಿಯದು, ಬಟ್ಟೆ ಕಾರ್ಖಾನೆಯದು, ಪ್ರಚಾರ ಪುಕ್ಕಟೆ. ಇದಕ್ಕೂ ಕಲೆ ಅಂತ ಹೆಸರು ಕೊಟ್ಟರೆ ಕ್ರಿಕೆಟ್ ಮ್ಯಾಚಿಗೆ ಜೆರ್ಸಿ ಹಾಕಿಕೊಂಡು ಹೋಗುವವರೆಲ್ಲ ಕಲಾವಿದರೇ.

ಸೂಜಿದಾರ:

ಬೆಲೆಪಟ್ಟಿ ಅವರೇ, ಕೊಂಡು ಹಾಕಿಕೊಂಡವರು ಕಲಾವಿದರು ಅಂತ ನಾನೆಲ್ಲಿ ಹೇಳಿದೆ? ಅವರು ಖುಷಿಗೆ ಬಂದವರು, ಖುಷಿಯಾಗಿರಲಿ. ಮನೆಯಲ್ಲಿ ಹಾರ್ಮೋನಿಯಂ ಇದ್ದವರೆಲ್ಲ ಸಂಗೀತಗಾರರಲ್ಲ. ಹಾಗಂತ ಸಂಗೀತವೇ ಕಲೆ ಅಲ್ಲ ಅನ್ನುತ್ತೀರಾ?

ಚೌಕಿಬದಿ ಅವರದು ಗಟ್ಟಿ ಪ್ರಶ್ನೆ. ಯೋಚಿಸಿ ಬರೆಯುತ್ತೇನೆ.

ಗೋಡೆಚಿತ್ರ:

ಮೇಡಂ ಯೋಚಿಸುವಷ್ಟರಲ್ಲಿ ನಾನು ಒಂದು ಕಡ್ಡಿ ಗೀರುತ್ತೇನೆ.

ಪುಷ್ಪಮಾಲಾ ಎನ್. ನಮ್ಮ ಬೆಂಗಳೂರಿನ ಕಲಾವಿದೆ. ಕಲಿತದ್ದು ಶಿಲ್ಪಕಲೆ, ಬರೋಡದಲ್ಲಿ. 1990ರ ದಶಕದಿಂದ ತಾವೇ ವೇಷ ಹಾಕಿಕೊಂಡು ಫೋಟೋಗೆ ನಿಲ್ಲುವ ಕೆಲಸ ಮಾಡುತ್ತಿದ್ದಾರೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಅನ್ನುವ ಸರಣಿ ಮಾಡಿದರು. ಅದರಲ್ಲಿ ಅವರು ರವಿವರ್ಮನ ಲಕ್ಷ್ಮಿ. ಬೆಳದಿಂಗಳಲ್ಲಿ ಕೂತ ರವಿವರ್ಮನ ಹೆಂಗಸೂ ಅವರೇ. ಸೀರೆ, ಒಡವೆ, ಹಿಂದೆ ಬಣ್ಣ ಬಳಿದ ಪರದೆ, ಕೈಯ ಭಂಗಿ, ಎಲ್ಲವೂ ಮೂಲ ನೋಡಿ ಕಟ್ಟಿದ್ದು. ಅಮೆರಿಕದ ಸಿಂಡಿ ಶರ್ಮನ್ 1977ರಿಂದ 1980ರವರೆಗೆ ತಮ್ಮನ್ನೇ ನಿಲ್ಲಿಸಿಕೊಂಡು, ಇಲ್ಲದ ಸಿನಿಮಾಗಳ ಸ್ಟಿಲ್ ಅನ್ನುವ ಹಾಗೆ ಕಪ್ಪು ಬಿಳುಪು ಫೋಟೋ ತೆಗೆದರು. ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ 1995ರಲ್ಲಿ ಆ ಇಡೀ ಸರಣಿಯನ್ನು ಕೊಂಡುಕೊಂಡಿತು. ಜಪಾನಿನ ಯಸುಮಾಸ ಮೊರಿಮುರ 1985ರಲ್ಲಿ ಚಿತ್ರಕಾರ ವ್ಯಾನ್ ಗೋ ಆಗಿ ಫೋಟೋಗೆ ಕೂತರು, ಕಿವಿಗೆ ಬ್ಯಾಂಡೇಜ್ ಸಮೇತ.

ಇವರು ಯಾರೂ ಕುಣಿಯಲಿಲ್ಲ, ಅರ್ಥ ಹೇಳಲಿಲ್ಲ. ಬೇರೊಂದು ಪಾತ್ರದೊಳಗೆ ಹೊಕ್ಕು ಸುಮ್ಮನೆ ನಿಂತರು. ಗ್ಯಾಲರಿಯ ಬಿಳಿ ಗೋಡೆಗೆ ನೇತುಹಾಕಿದರೆ ಕಲೆ, ಅದನ್ನೇ ಎಕ್ಸಿಬಿಷನ್ ಹಾಲಿನಲ್ಲಿ ಪಾಪ್‌ಕಾರ್ನ್ ಅಂಗಡಿ ಪಕ್ಕ ಮಾಡಿದರೆ ಛದ್ಮವೇಷ. ಇದು ಎಲ್ಲಿಯ ನ್ಯಾಯ?

ಹಾಗಂತ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಪುಷ್ಪಮಾಲಾ ಅವರ ಫೋಟೋದಲ್ಲಿ ಪರದೆ ಪರದೆ ಅಂತಲೇ ಕಾಣುತ್ತದೆ. ಇದು ವೇಷ ಅಂತ ನಮಗೆ ಗೊತ್ತಾಗಲಿ ಅನ್ನುವುದೇ ಉದ್ದೇಶ. ಹೆಂಗಸು ಹೀಗೇ ಇರಬೇಕು ಅಂತ ಕ್ಯಾಲೆಂಡರ್ ಚಿತ್ರಗಳು ನಮ್ಮ ತಲೆಯಲ್ಲಿ ಕೂರಿಸಿದ್ದನ್ನು ಅವರು ಕೆಣಕುತ್ತಾರೆ. ಕಾಸ್‌ಪ್ಲೇ ಮಾಡುವವರು ಕೆಣಕುವುದಿಲ್ಲ, ಪ್ರೀತಿಸುತ್ತಾರೆ. ಹೊಲಿಗೆ ಕಾಣಬಾರದು ಅಂತ ಒದ್ದಾಡುತ್ತಾರೆ. ನನಗೆ ಕಾಣುವ ವ್ಯತ್ಯಾಸ ಇದು.

ಕೂಡ್ಲಿಗಿ ಕಡೆಯವ:

ಚೌಕಿಬದಿ ಅಣ್ಣಾರ, ರಂಗ ಇಲ್ಲದಿದ್ದರೆ ಕಲೆ ಅಲ್ಲ ಅಂದರೆ ನಮ್ಮ ಹಗಲುವೇಷದವರು ಎಲ್ಲಿಗೆ ಹೋಗಬೇಕು? ಅವರಿಗೆ ರಂಗ ಇಲ್ಲ, ರಾತ್ರಿ ದೀಪ ಇಲ್ಲ. ಬಿಸಿಲಲ್ಲಿ ರಾಮನೋ ಭೀಮನೋ ಆಗಿ ಸಂತೆಗೆ, ಓಣಿಗೆ, ಮನೆ ಬಾಗಿಲಿಗೆ ಬರುತ್ತಾರೆ. ಅದನ್ನು ಜನಪದ ಕಲೆ ಅಂತಲೇ ಎಲ್ಲರೂ ಒಪ್ಪಿದ್ದಾರೆ.

ಚೌಕಿಬದಿ:

ಒಪ್ಪಿದ್ದು ಸರಿ. ಆದರೆ ಹಗಲುವೇಷದವರು ಬರೀ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲವಲ್ಲ. ಮಾತು ಇದೆ, ಹಾಡು ಇದೆ, ಹಾರ್ಮೋನಿಯಂ, ತಬಲ ಇದೆ. ರಂಗ ಅಂದರೆ ನಾನು ಹೇಳಿದ್ದು ಹಲಗೆ ಹಾಕಿದ ಜಾಗ ಅಲ್ಲ. ನೋಡುವವನ ಎದುರು ಆಗ ನಡೆಯುವುದು.

ನಗೋಯಾದಿಂದ:

ಜಪಾನಿನ ನಗೋಯಾಕ್ಕೆ ಕೆಲಸಕ್ಕೆ ಬಂದು ನೆಲೆಸಿದವನು ನಾನು. ವಿಶ್ವ ಕಾಸ್‌ಪ್ಲೇ ಸಮ್ಮಿಟ್ ಅನ್ನುವ ಅಂತರರಾಷ್ಟ್ರೀಯ ಮೇಳ ನಡೆಯುವುದು ಇದೇ ಊರಿನಲ್ಲಿ, 2003ರಿಂದ. ಶುರು ಮಾಡಿದ್ದು ಟಿವಿ ಐಚಿ ಅನ್ನುವ ಇಲ್ಲಿಯ ಚಾನೆಲ್. ಬೇಸಿಗೆಯ ಉರಿಯಲ್ಲಿ ಓಸು ಅನ್ನುವ ಹಳೇ ಪೇಟೆಬೀದಿಯಲ್ಲಿ ಮೆರವಣಿಗೆ. ಸೆಕೆಗೆ ಬರೀ ಬನಿಯನ್ ಹಾಕಿದವರೇ ಬೆವರುತ್ತಿರುತ್ತಾರೆ, ಇವರು ಮೈತುಂಬ ಕವಚ ತೊಟ್ಟು ನಡೆಯುತ್ತಾರೆ.

ಚೌಕಿಬದಿ ಅವರು ಕೇಳಿದ ಆಟ ಇಲ್ಲಿದೆ. ಅದರ ಸ್ಪರ್ಧೆಗೆ ಒಂದು ದೇಶದಿಂದ ಇಬ್ಬರ ತಂಡ. ವೇದಿಕೆ ಮೇಲೆ ಕೆಲವೇ ನಿಮಿಷಗಳ ಪ್ರದರ್ಶನ. ಅಷ್ಟರಲ್ಲಿ ಕಥೆ, ಹೊಡೆದಾಟ, ಎದುರಿಗೇ ವೇಷ ಬದಲಾವಣೆ, ಎಲ್ಲ ಆಗಬೇಕು. ಬಟ್ಟೆಯನ್ನು ಸ್ಪರ್ಧಿಗಳೇ ಮಾಡಿರಬೇಕು ಅಂತ ನಿಯಮ. ಕೊಂಡು ತಂದದ್ದು ನಡೆಯುವುದಿಲ್ಲ. ಬೆಲೆಪಟ್ಟಿ ಅವರ ದೂರಿಗೆ ಅಲ್ಲೇ ಉತ್ತರ ಇದೆ.

ಒಂದು ಪಕ್ಕದ ಮಾತು. ಮೆರವಣಿಗೆ ದಿನ ಬಿಟ್ಟರೆ ಜಪಾನಿನಲ್ಲಿ ವೇಷ ಹಾಕಿಕೊಂಡು ರೈಲು ಹತ್ತುವವರು ಕಡಿಮೆ. ಟೋಕಿಯೊದ ಕಾಮಿಕೆಟ್ ಅನ್ನುವ ಕಾಮಿಕ್ ಪುಸ್ತಕಗಳ ಸಂತೆಯಲ್ಲಿ ಮನೆಯಿಂದಲೇ ವೇಷದಲ್ಲಿ ಬರುವಂತಿಲ್ಲ, ಅಲ್ಲಿಗೆ ಬಂದು ಬಟ್ಟೆ ಬದಲಿಸಬೇಕು. ನೋಡಲು ಬಂದವರ ಮುಂದೆ ಮಾತ್ರ ವೇಷ. ಯಕ್ಷಗಾನದವರಿಗೆ ಇದು ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಚೌಕಿಬದಿ:

ಅರ್ಥವಾಗುತ್ತದೆ. ಕಿರೀಟ ಇಟ್ಟವನು ಬಸ್ ಸ್ಟಾಂಡಿನಲ್ಲಿ ಚಾ ಕುಡಿಯುತ್ತಿದ್ದರೆ ನಮಗೂ ಸರಿ ಕಾಣುವುದಿಲ್ಲ.

ಕರಿಕೋಟು:

ವಕೀಲಿ ಮಾಡುವವನು ಬಾಯಿ ಹಾಕದಿದ್ದರೆ ಹೇಗೆ? ನಮ್ಮ 1957ರ ಕಾಪಿರೈಟ್ ಕಾಯ್ದೆ ಈ ಜಗಳದಿಂದ ಜಾಣತನದಿಂದ ತಪ್ಪಿಸಿಕೊಂಡಿದೆ. ಅದರ 2(ಸಿ) ಕಲಮಿನ ಪ್ರಕಾರ ಚಿತ್ರ, ಶಿಲ್ಪ, ನಕ್ಷೆ, ಫೋಟೋ ಇವೆಲ್ಲ ಕಲಾಕೃತಿಗಳೇ, ಅವುಗಳಲ್ಲಿ ಕಲೆಯ ಗುಣ ಇರಲಿ, ಬಿಡಲಿ. ಕಲಾತ್ಮಕವಾದ ಕುಶಲ ಕೆಲಸಕ್ಕೂ ಅದೇ ಪಟ್ಟಿಯಲ್ಲಿ ಜಾಗ ಇದೆ. ಅಂದರೆ ಚೆನ್ನಾಗಿದೆಯಾ ಅಂತ ಕಾನೂನು ಕೇಳುವುದೇ ಇಲ್ಲ.

ಸೂಜಿದಾರ ಅವರಿಗೆ ಬಿಸಿ ಮುಟ್ಟುವುದು 14(ಸಿ)ಯಲ್ಲಿ. ಕಲಾಕೃತಿಯ ಹಕ್ಕುದಾರನಿಗೆ ಏನೇನು ಹಕ್ಕಿದೆ ಅಂತ ಅಲ್ಲಿ ಹೇಳಿದೆ. ಸಪಾಟಾದ ಚಿತ್ರವನ್ನು ಮೂರು ಆಯಾಮದಲ್ಲಿ ತೋರಿಸುವ ಹಕ್ಕು ಅದರಲ್ಲಿ ಒಂದು. ನೀವು ಯಾವುದನ್ನು ನನ್ನ ಕಲೆ ಅನ್ನುತ್ತೀರೋ, ಹಾಳೆಯಿಂದ ಎತ್ತಿ ಮೈಮೇಲೆ ತರುವುದು, ಕಾನೂನು ಅದನ್ನು ಮೂಲದವನ ಹಕ್ಕು ಅಂತ ಬರೆದಿಟ್ಟಿದೆ!

ಗಾಬರಿ ಬೇಡ. ಅಭಿಮಾನಕ್ಕೆ ಹಾಕಿಕೊಂಡವರ ಹಿಂದೆ ಕಂಪನಿಗಳು ಸಾಮಾನ್ಯವಾಗಿ ಬೀಳುವುದಿಲ್ಲ. ದುಡ್ಡು ಬಂದಾಗ ಮಾತು ಬೇರೆ. ಟೋಕಿಯೊದಲ್ಲಿ ಪ್ರವಾಸಿಗಳಿಗೆ ಸಣ್ಣ ಕಾರ್ಟ್ ಗಾಡಿ ಜೊತೆ ಮಾರಿಯೋ ಅನ್ನುವ ವಿಡಿಯೋ ಗೇಮ್ ಪಾತ್ರದ ಬಟ್ಟೆ ಬಾಡಿಗೆಗೆ ಕೊಡುತ್ತಿದ್ದ ಸಂಸ್ಥೆ ಮೇಲೆ ಆ ಗೇಮಿನ ಕಂಪನಿ ನಿಂಟೆಂಡೊ 2017ರಲ್ಲಿ ದಾವೆ ಹೂಡಿತು. 2020ರಲ್ಲಿ ಅಲ್ಲಿಯ ಬೌದ್ಧಿಕ ಆಸ್ತಿ ಹೈಕೋರ್ಟ್ 5 ಕೋಟಿ ಯೆನ್ ಪರಿಹಾರ ಕೊಡಿಸಿತು. ಅದು ಅನ್ಯಾಯದ ವ್ಯಾಪಾರ ಸ್ಪರ್ಧೆಯ ಕಾನೂನಿನಡಿ ಬಂದ ತೀರ್ಪು. ಕಲೆಯೋ ಅಲ್ಲವೋ ಅನ್ನುವುದು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಸೂಜಿದಾರ:

ಕರಿಕೋಟು ಅವರೇ, ನೀವು ಹೇಳಿದ್ದರಿಂದ ನನ್ನ ವಾದಕ್ಕೆ ಬಲವೇ ಬಂತು. ಹಾಳೆಯಿಂದ ಮೈಮೇಲೆ ತರುವುದು ಬೇರೆಯಾಗಿ ಹೆಸರಿಸಬೇಕಾದಷ್ಟು ದೊಡ್ಡ ಕೆಲಸ ಅಂತ ಕಾಯ್ದೆ ಬರೆದವರಿಗೂ ಅನಿಸಿತ್ತಲ್ಲ. ಹಕ್ಕು ಯಾರದು ಅನ್ನುವುದು ಒಂದು ಪ್ರಶ್ನೆ, ಕೈ ಯಾರದು ಅನ್ನುವುದು ಇನ್ನೊಂದು.

ಈಗ ಚೌಕಿಬದಿ ಅವರಿಗೆ. ವೇಷ ತೆಗೆದರೆ ಏನು ಉಳಿಯುತ್ತದೆ ಅಂದಿರಿ. ಏನೂ ಉಳಿಯುವುದಿಲ್ಲ. ಶಿಲ್ಪದಿಂದ ಕಲ್ಲು ತೆಗೆದರೂ ಏನೂ ಉಳಿಯುವುದಿಲ್ಲ ಅಲ್ವಾ? ನಾನು ಮಾಡುವುದು ಆಟಕ್ಕಿಂತ ಶಿಲ್ಪಕ್ಕೆ ಹತ್ತಿರ, ಅದಕ್ಕೆ ಒಂದು ಮೈ ಬೇಕು ಅಷ್ಟೇ. ನಗೋಯಾದವರ ಹಾಗೆ ವೇದಿಕೆ ಏರುವವರದು ಬೇರೆ ದಾರಿ, ಅದು ನನಗೆ ಒಗ್ಗುವುದಿಲ್ಲ. ಹತ್ತು ಜನರ ಮುಂದೆ ನಿಂತರೆ ಕಾಲು ನಡುಗುತ್ತದೆ.

ಗೋಡೆಚಿತ್ರ ಅವರ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಕೆಣಕಿದರೆ ಕಲೆ, ಪ್ರೀತಿಸಿದರೆ ಬರೀ ಹವ್ಯಾಸ ಅಂತಾದರೆ ನಮ್ಮ ದೇವಸ್ಥಾನಗಳ ಮೂರ್ತಿ ಕೆತ್ತಿದವರನ್ನೆಲ್ಲ ಪಟ್ಟಿಯಿಂದ ತೆಗೆಯಬೇಕಾಗುತ್ತದೆ. ಬೇಲೂರಿನಲ್ಲಿ ಕೆತ್ತಿದವರು ದೇವರನ್ನು ಕೆಣಕಲು ಕೂತಿರಲಿಲ್ಲ.

ಗೋಡೆಚಿತ್ರ:

ಬೇಲೂರಿಗೆ ಹೋಗಿಬಿಟ್ಟಿರಿ! ಸರಿ, ಪ್ರೀತಿಯನ್ನು ಬಿಡೋಣ. ಬೇರೆ ಅಳತೆಗೋಲು ಕೊಡುತ್ತೇನೆ. ಒಂದೇ ಪಾತ್ರವನ್ನು ಇಬ್ಬರು ಮಾಡಿ ಪಕ್ಕಪಕ್ಕ ನಿಂತರೆ, ಇದು ಇವಳ ಕೆಲಸ, ಅದು ಅವಳದು ಅಂತ ಗುರುತು ಸಿಗಬೇಕು. ಬೇಲೂರಿನಲ್ಲಿ ಸಿಗುತ್ತದೆ. ಎಷ್ಟೋ ಶಿಲ್ಪಿಗಳು ಮೂರ್ತಿಯ ಕೆಳಗೆ ಹೆಸರನ್ನೂ ಕೆತ್ತಿದ್ದಾರೆ. ಯಕ್ಷಗಾನದಲ್ಲೂ ಅಷ್ಟೇ. ಕಟ್ಟುಪಾಡು ಒಂದೇ ಇದ್ದರೂ ಯಾರ ಕುಣಿತ ಅಂತ ದೂರದಿಂದಲೇ ಹೇಳುತ್ತಾರೆ. ಕಾಸ್‌ಪ್ಲೇಯಲ್ಲಿ ಗುರುತು ಸಿಗದ ಹಾಗೆ ಮಾಡುವುದೇ ಗೆಲುವು ಅಲ್ವಾ?

ಸ್ಟಾರ್‌ಪೇಟೆ:

ಕೆಲವು ಕಡೆ ಹೌದು. 1997ರಲ್ಲಿ ಅಮೆರಿಕದಲ್ಲಿ ಶುರುವಾದ 501ನೇ ಲೀಜನ್ ಅನ್ನುವ ಸ್ಟಾರ್ ವಾರ್ಸ್ ಸಿನಿಮಾ ಅಭಿಮಾನಿಗಳ ಕೂಟ ಇದೆ. ಬಿಳಿ ಕವಚದ ಸೈನಿಕರು. ಅಲ್ಲಿ ಸದಸ್ಯರಾಗಲು ಬಟ್ಟೆ ತೆರೆಯ ಮೇಲೆ ಇದ್ದಂತೆಯೇ ಇರಬೇಕು. ಇಂಥ ಪಟ್ಟಿ ಇಲ್ಲಿ, ಇಂಥ ಬಣ್ಣ ಅಲ್ಲಿ ಅಂತ ಪಾತ್ರಕ್ಕೊಂದು ಬರಹದ ನಿಯಮ. ಅವರ ಶ್ರದ್ಧೆಗೆ ಕೈ ಮುಗಿಯಬೇಕು. ಆಸ್ಪತ್ರೆಯ ಮಕ್ಕಳನ್ನು ನೋಡಲು ಹೋಗುತ್ತಾರೆ, ದೇಣಿಗೆ ಎತ್ತುತ್ತಾರೆ. ಆದರೆ ಅದು ಪ್ರತಿಕೃತಿ ಮಾಡುವ ಕಲೆಗಾರಿಕೆ, ಮಾಡಿದವನ ಗುರುತು ಅಲ್ಲಿ ಬೇಡವೇ ಬೇಡ.

ಆದರೆ ಮೊದಲು ಹೀಗಿರಲಿಲ್ಲ. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥೆಗಳ ಸಮ್ಮೇಳನಕ್ಕೆ ಇಬ್ಬರು ಮುಂದಿನ ಕಾಲದ ಜನರ ಹಾಗೆ ವೇಷ ಹಾಕಿಕೊಂಡು ಬಂದರು. ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್. ಆ ಬಟ್ಟೆ ಯಾವುದೋ ಒಂದು ಪಾತ್ರದ ನಕಲು ಅಲ್ಲ. ಆ ಕಾಲದ ಪತ್ರಿಕೆಗಳ ಚಿತ್ರ, ಸಿನಿಮಾ ನೋಡಿ ಹುಟ್ಟಿದ ಕಲ್ಪನೆ. ಮರುವರ್ಷ ಷಿಕಾಗೊದಲ್ಲಿ ವೇಷಧಾರಿಗಳ ಸ್ಪರ್ಧೆಯೇ ನಡೆಯಿತು. ಇನ್ನೊಂದು ವಿಷಯ: ಇಬ್ಬರ ಬಟ್ಟೆಯನ್ನೂ ಕಲ್ಪಿಸಿ ಹೊಲಿದವಳು ಮಿರ್ಟಲ್. ಎಷ್ಟೋ ವರ್ಷ ಹೆಸರು ಬಂದದ್ದು ಮಾತ್ರ ಆಕರ್‌ಮನ್‌ಗೆ.

ಸೂಜಿದಾರ:

ಈ ಮಿರ್ಟಲ್ ಕಥೆಯನ್ನು ಎಲ್ಲರೂ ಎರಡು ಸಲ ಓದಿ. ನನ್ನ ಹೊಟ್ಟೆಯುರಿಯ ಮೂಲ ಇದೇ. ಒಂದು ಸಲ ನಾನು ಮಾಡಿಕೊಟ್ಟ ಕವಚ ಹಾಕಿಕೊಂಡ ಹುಡುಗನ ಫೋಟೋ ಒಂದು ಪುಟದಲ್ಲಿ ಬಂತು. ಹಾಕಿಕೊಂಡವನ ಹೆಸರಿತ್ತು, ಫೋಟೋ ತೆಗೆದವರ ಹೆಸರಿತ್ತು, ಪಾತ್ರದ ಹೆಸರಿತ್ತು, ನನ್ನದು ಇರಲಿಲ್ಲ. ಆ ಕವಚಕ್ಕೆ ಒಳಗೆ ಲೈನಿಂಗ್ ಹೊಲಿದುಕೊಟ್ಟ ನಮ್ಮ ಬೀದಿಯ ಟೈಲರ್ ಅಣ್ಣನದು ಇರುವ ಮಾತೇ ಇಲ್ಲ.

ಗೋಡೆಚಿತ್ರ ಅವರ ಅಳತೆಗೋಲು ನನಗೆ ಒಪ್ಪಿಗೆ. ಗುರುತು ಸಿಗಬೇಕು. ನಮ್ಮಲ್ಲಿ ಸಿಗುತ್ತದೆ ಕೂಡ. ಸವೆತ ನೋಡಿಯೇ ಇದು ಇಂಥವಳ ಕೈ ಅಂತ ಹೇಳುವವರಿದ್ದಾರೆ. ವಿಗ್ ಕೂಡ ಹಾಗೇ. ಅನಿಮೆ ಕೂದಲು ಗಾಳಿಯಲ್ಲಿ ಮೇಲಕ್ಕೆ ನಿಂತಿರುತ್ತದಲ್ಲ, ಅದನ್ನು ಒಬ್ಬಳು ಒಳಗೆ ಫೋಮ್ ಇಟ್ಟು ಗಟ್ಟಿ ಕೋಡು ಮಾಡುತ್ತಾಳೆ, ಇನ್ನೊಬ್ಬಳು ಹೇರ್ ಸ್ಪ್ರೇ, ಡ್ರೈಯರ್ ಹಿಡಿದು ಎಳೆ ಎಳೆ ಬಿಡಿಸಿ ಕೂದಲಿನ ಹಾಗೇ ಉಳಿಸುತ್ತಾಳೆ. ಪಾತ್ರ ಒಂದೇ. ಮೊದಲನೆಯದು ಚಿತ್ರಕ್ಕೆ ನಿಷ್ಠೆ, ಎರಡನೆಯದು ಮನುಷ್ಯರ ತಲೆಗೆ ನಿಷ್ಠೆ. ನನಗೆ ಎರಡನೆಯದೇ ಇಷ್ಟ. ಹೊರಗಿನವರಿಗೆ ಈ ವ್ಯತ್ಯಾಸ ಕಾಣದಿದ್ದರೆ ಅದು ಇನ್ನೂ ನೋಡಿ ರೂಢಿ ಇಲ್ಲದ್ದರಿಂದ. ಯಕ್ಷಗಾನ ಮೊದಲ ಸಲ ನೋಡಿದವರಿಗೂ ಎಲ್ಲ ಕಿರೀಟ ಒಂದೇ ಥರ ಕಾಣುತ್ತದೆ.

ಚೌಕಿಬದಿ:

ಅದು ಹೌದು. ಕಿರೀಟಕ್ಕೂ ಕೇದಗೆ ಮುಂದಲೆ ಅನ್ನುವ ತಲೆಯುಡುಗೆಗೂ ವ್ಯತ್ಯಾಸ ಗೊತ್ತಿಲ್ಲದವರನ್ನು ನಾನೂ ಬೇಕಷ್ಟು ನೋಡಿದ್ದೇನೆ.

ಸರಿ, ಮಾಡುವ ಕೆಲಸ ಕಲೆ ಅಂತ ನೀವು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಹಾಕಿಕೊಂಡು ನಿಲ್ಲುವುದು ಕಲೆ ಅಂದರೆ ಮಾತ್ರ ಒಪ್ಪಲಿಕ್ಕೆ ಕಷ್ಟ. ನಿಂತವನು ಏನಾದರೂ ಮಾಡಬೇಕು. ಕಣ್ಣಾದರೂ ಅಲ್ಲಾಡಿಸಬೇಕು ಮಾರಾಯ್ರೆ.

ಬೆಲೆಪಟ್ಟಿ:

ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ, ನಗಬೇಡಿ. ಆಫೀಸಿನ ಗೆಳೆಯನ ಹತ್ತಿರ ತ್ರೀಡಿ ಪ್ರಿಂಟರ್ ಇದೆ. ನೆಟ್‌ನಲ್ಲಿ ಯಾರೋ ವಿದೇಶದವರು ಮಾರುತ್ತಿದ್ದ ಹೆಲ್ಮೆಟ್ ಫೈಲ್ ದುಡ್ಡು ಕೊಟ್ಟು ತೆಗೆದುಕೊಂಡು ಪ್ರಿಂಟ್ ಮಾಡಿದ್ದೇನೆ. ಬಣ್ಣ ನಾನೇ ಹೊಡೆಯಬೇಕು ಅಂತಿದ್ದೇನೆ. ಇದನ್ನು ಸ್ಪರ್ಧೆಗೆ ಒಯ್ದರೆ 'ನಾನೇ ಮಾಡಿದ್ದು' ಅನ್ನಬಹುದಾ?

ಕೂಡ್ಲಿಗಿ ಕಡೆಯವ:

ಪ್ಯಾಕೆಟ್ ವಿಗ್ ಅಂತ ನಕ್ಕವರು ಇವರೇ ಏನ್ರೀ!

ಸೂಜಿದಾರ:

ಬೆಲೆಪಟ್ಟಿ ಅವರೇ, ಹಾಗೆ ಅನ್ನಬೇಡಿ. ಫಾರಂನಲ್ಲಿ ಫೈಲ್ ಮಾಡಿದವರ ಹೆಸರು ಹಾಕಿ, ಪ್ರಿಂಟ್ ಗೆಳೆಯನದು ಅಂತ ಹಾಕಿ, ಉಜ್ಜಿದ್ದು, ಬಣ್ಣ ಹೊಡೆದದ್ದು ನಾನು ಅಂತ ಬರೆಯಿರಿ. ಪ್ರತಿ ಹಂತದ ಫೋಟೋ ಇಟ್ಟುಕೊಳ್ಳಿ, ಜಡ್ಜ್‌ಗಳು ಕೇಳುತ್ತಾರೆ. ಯಾವ ವಿಭಾಗದಲ್ಲಿ ಬರುತ್ತದೆ ಅನ್ನುವುದು ಆಯಾ ಸ್ಪರ್ಧೆಯ ನಿಯಮ, ಮೊದಲೇ ಓದಿಕೊಳ್ಳಿ.

ಪ್ರಿಂಟರ್ ಬಿಟ್ಟ ಪದರದ ಗೆರೆ ಹಾಗೇ ಬಿಟ್ಟು ಬಣ್ಣ ಹೊಡೆದರೆ ದೂರದಿಂದಲೇ ಗೊತ್ತಾಗುತ್ತದೆ. ಮೊದಲು 120ರ ಎಮರಿ ಪೇಪರ್. ಆಮೇಲೆ ಕಾರಿಗೆ ಹಚ್ಚುತ್ತಾರಲ್ಲ, ಆ ಎನ್‌ಸಿ ಪುಟ್ಟಿ ತೆಳ್ಳಗೆ ಎಳೆದು ಪೂರ್ತಿ ಒಣಗಲು ಬಿಡಿ. ಮತ್ತೆ 220, ಕೊನೆಗೆ 400 ನೀರು ಹಾಕಿ ಉಜ್ಜಿ. ಮಾಸ್ಕ್ ಕಟ್ಟಿಕೊಳ್ಳಿ, ಧೂಳು ಒಳ್ಳೆಯದಲ್ಲ. ಪ್ರೈಮರ್ ಹೊಡೆದ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಉಳಿದ ಗೆರೆ ಕಾಣುತ್ತದೆ, ಅಲ್ಲಿ ಮಾತ್ರ ಮತ್ತೆ ಪುಟ್ಟಿ. ಪ್ರೈಮರ್ ಆದ ಮೇಲೆ ಒಂದು ಫೋಟೋ ಇಲ್ಲಿ ಹಾಕಿ, ಬಣ್ಣದ ಮಾತು ಆಮೇಲೆ ಆಡೋಣ.